ಇಂದಿನ ಧಮ್ಮ ಚಿಂತನೆ: ರಸ್ತೆಯಲ್ಲಿ ಬೆನ್ನು ಮಾಡಿ ನಿಂತವರನ್ನು ಕಾಯುವವರು ಯಾರು?



ಧಮ್ಮಬಂಧುಗಳೇ, ಇಂದು ಸಂಯುತ್ತ ನಿಕಾಯದ ಸೇದಕ ಸುತ್ತವನ್ನು ನೆನೆಯೋಣ. ಸುಂಭರ ನಾಡಿನ ಸೇದಕ ಎಂಬ ಊರಿನಲ್ಲಿದ್ದಾಗ ಭಗವಾನ್ ಬುದ್ಧರು ಭಿಕ್ಖುಗಳಿಗೆ ದೊಂಬರಾಟದ ಗುರು-ಶಿಷ್ಯರ ಕಥೆ ಹೇಳುತ್ತಾರೆ. ಗುರು ಬಿದಿರುಗಳೆ ನಿಲ್ಲಿಸಿ, ಶಿಷ್ಯನನ್ನು ಹತ್ತಿಸಿ, ತನ್ನ ಹೆಗಲ ಮೇಲೆ ನಿಲ್ಲಿಸಿಕೊಳ್ಳುತ್ತಾನೆ. ನೀನು ನನ್ನನ್ನು ನೋಡಿಕೋ, ನಾನು ನಿನ್ನನ್ನು ನೋಡಿಕೊಳ್ಳುತ್ತೇನೆ, ಆಗ ಇಬ್ಬರೂ ಕ್ಷೇಮವಾಗಿ ಇಳಿಯುತ್ತೇವೆ ಎನ್ನುವುದು ಗುರುವಿನ ಮಾತು. ಶಿಷ್ಯ ಒಪ್ಪುವುದಿಲ್ಲ. ನೀವು ನಿಮ್ಮನ್ನು ನೋಡಿಕೊಳ್ಳಿ, ನಾನು ನನ್ನನ್ನು ನೋಡಿಕೊಳ್ಳುತ್ತೇನೆ, ಆಟ ಕೆಡದಿರುವುದು ಹಾಗೆಯೇ ಎನ್ನುತ್ತಾನೆ.

ಬುದ್ಧರು ಶಿಷ್ಯನ ಮಾತನ್ನು ಸರಿ ಎಂದು ಒಪ್ಪಿ, ಅದನ್ನು ಇನ್ನೂ ಮುಂದಕ್ಕೆ ಒಯ್ಯುತ್ತಾರೆ. ತನ್ನನ್ನು ಕಾಯ್ದುಕೊಳ್ಳುವವನು ಪರರನ್ನೂ ಕಾಯುತ್ತಾನೆ, ಪರರನ್ನು ಕಾಯುವವನು ತನ್ನನ್ನೂ ಕಾಯ್ದುಕೊಳ್ಳುತ್ತಾನೆ ಎಂಬುದು ಅವರ ಬೋಧನೆಯ ಸಾರ. ತನ್ನನ್ನು ಕಾಯುವ ದಾರಿ ಸತಿ, ಅಂದರೆ ಸ್ಮೃತಿಯ ಅಭ್ಯಾಸ. ಪರರನ್ನು ಕಾಯುವ ದಾರಿ ತಾಳ್ಮೆ, ಅಹಿಂಸೆ, ಮೈತ್ರಿ ಮತ್ತು ಅನುಕಂಪ.

ಈ ಸುತ್ತವನ್ನು ನಾನು ಹೆದ್ದಾರಿಗೆ ಹಚ್ಚಿ ನೋಡುತ್ತೇನೆ. ಬೆಂಗಳೂರು–ತುಮಕೂರು ರಸ್ತೆಯಲ್ಲಿ ವಾರಕ್ಕೆ ಮೂರ್ನಾಲ್ಕು ಸಲ ಓಡಾಡುವವನು ನಾನು. ಅಪಘಾತವಾದ ಕಡೆ 108 ಆಂಬುಲೆನ್ಸ್, ಹೆದ್ದಾರಿ ಗಸ್ತಿನ ಪೊಲೀಸರು, ಕೆಟ್ಟುನಿಂತ ಲಾರಿ ಎಳೆಯುವ ಕ್ರೇನಿನವರು, ಕೆಲವೊಮ್ಮೆ ಅಗ್ನಿಶಾಮಕ ದಳದವರು ಕಾಣುತ್ತಾರೆ. ನಮ್ಮ ಬೀದಿಯಲ್ಲೇ ಆಂಬುಲೆನ್ಸ್ ಓಡಿಸುವವರೊಬ್ಬರಿದ್ದಾರೆ. ಅಷ್ಟು ಜೋರಾಗಿ ಓಡಿಸುವಾಗ ಭಯ ಆಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ಓಡ್ಸೋವಾಗ ಏನಿಲ್ಲ ಸರ್. ಗಾಡಿ ನಿಲ್ಸಿ ಸ್ಟ್ರೆಚರ್ ಇಳಿಸ್ತೀವಲ್ಲ, ಆಗ ಭಯ. ಬೆನ್ನು ರಸ್ತೆ ಕಡೆ ಇರುತ್ತೆ. ಹಿಂದಿಂದ ಬರೋರು ನಮ್ಮನ್ನ ನೋಡಿದಾರೋ ಇಲ್ವೋ ಗೊತ್ತಾಗಲ್ಲ" ಎಂದರು.

ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. 2023ರ ಜುಲೈನಲ್ಲಿ ಅಹಮದಾಬಾದಿನ ಇಸ್ಕಾನ್ ಮೇಲ್ಸೇತುವೆಯ ಮೇಲೆ ಮಧ್ಯರಾತ್ರಿ ಕಳೆದ ಮೇಲೆ ಒಂದು ಅಪಘಾತವಾಗಿತ್ತು. ಪೊಲೀಸರು ಬಂದಿದ್ದರು, ಜನರೂ ಸೇರಿದ್ದರು. ಅಷ್ಟರಲ್ಲಿ ಅತಿವೇಗದಲ್ಲಿ ಬಂದ ಕಾರೊಂದು ಅವರೆಲ್ಲರ ಮೇಲೆ ನುಗ್ಗಿತು. 9 ಜನ ಸತ್ತರು. ಅವರಲ್ಲಿ ಕರ್ತವ್ಯದ ಮೇಲಿದ್ದ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್, ಒಬ್ಬ ಗೃಹರಕ್ಷಕ ಸಿಬ್ಬಂದಿ ಇದ್ದರು. ಮೊದಲನೆಯ ಅಪಘಾತಕ್ಕೆ ನೆರವಾಗಲು ಬಂದವರನ್ನು ಎರಡನೆಯ ಅಪಘಾತ ನುಂಗಿತು.

ಬಿದಿರುಗಳೆಯ ಶಿಷ್ಯನಿಗೂ ರಸ್ತೆಯಲ್ಲಿ ನಿಂತ ಈ ಜನರಿಗೂ ಒಂದು ವ್ಯತ್ಯಾಸವಿದೆ. ಶಿಷ್ಯ ತನ್ನ ಸಮತೋಲನವನ್ನು ತಾನೇ ನೋಡಿಕೊಳ್ಳಬಲ್ಲ. ಇವರು ಹೊಳೆಯುವ ಜಾಕೆಟ್ ಹಾಕುತ್ತಾರೆ, ಕೋನ್ ಇಡುತ್ತಾರೆ, ದೀಪ ಮಿನುಗಿಸುತ್ತಾರೆ. ತಮ್ಮನ್ನು ಕಾಯ್ದುಕೊಳ್ಳಲು ಅವರಿಂದ ಆಗುವುದು ಅಷ್ಟೇ. ಆಮೇಲೆ ಅವರ ಎರಡೂ ಕೈ, ಎರಡೂ ಕಣ್ಣು ಗಾಯಾಳುವಿನ ಮೇಲಿರುತ್ತವೆ. ಉಳಿದ ಕಾವಲು ಸ್ಟೀರಿಂಗ್ ಹಿಡಿದ ನಮ್ಮ ಮನಸ್ಸಿನಲ್ಲಿದೆ. ನಮ್ಮ ಸ್ಮೃತಿ ತಪ್ಪಿದರೆ ಬೀಳುವವರು ಅವರು.

ಒಂದು ಸಣ್ಣ ಲೆಕ್ಕ ನೋಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಬಂದ ಮೆಸೇಜ್ ಯಾರದು ಎಂದು 2 ಸೆಕೆಂಡ್ ಮೊಬೈಲ್ ನೋಡಿದರೆ ಸುಮಾರು 44 ಮೀಟರ್ ನಾವು ಕುರುಡರಾಗಿ ಹೋದಂತೆ. ಸ್ಟ್ರೆಚರ್ ಹಿಡಿದು ಬಗ್ಗಿದವರು ಆ 44 ಮೀಟರಿನೊಳಗೆ ಇರಬಹುದು. ಕೊಲ್ಲುವ ಮನಸ್ಸು ನಮ್ಮಲ್ಲಿಲ್ಲ, ನಿಜ. ಆದರೆ ಪಂಚಶೀಲದ ಮೊದಲನೆಯ ಶೀಲವನ್ನು ತೆಗೆದುಕೊಂಡವನಿಗೆ ಕೊಲ್ಲುವ ಮನಸ್ಸಿಲ್ಲದಿದ್ದರೆ ಸಾಕೇ? ಜೀವ ಹೋಗದಂತೆ ಎಚ್ಚರವಾಗಿರುವ ಮನಸ್ಸೂ ಬೇಕಲ್ಲವೇ? ಬುದ್ಧರು ಪರಿನಿಬ್ಬಾಣಕ್ಕೆ ಮುಂಚೆ ಭಿಕ್ಖುಗಳಿಗೆ ಕೊನೆಯದಾಗಿ ಹೇಳಿದ್ದು ಅಪ್ಪಮಾದದ ಮಾತನ್ನೇ, ಎಚ್ಚರ ತಪ್ಪದೆ ನಡೆಯಿರಿ ಎಂದೇ.

ಇದಕ್ಕೆಲ್ಲ ಕಾನೂನಿಲ್ಲವೇ ಎಂದು ಕೇಳಬಹುದು. ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ 194ಇ ಕಲಮು ಸೇರಿತು. ಆಂಬುಲೆನ್ಸ್, ಅಗ್ನಿಶಾಮಕ ವಾಹನ ಹತ್ತಿರ ಬಂದಾಗ ಬದಿಗೆ ಸರಿಯದವರಿಗೆ ಕೇಂದ್ರ ಕಾಯ್ದೆ ಹೇಳುವ ಶಿಕ್ಷೆ 6 ತಿಂಗಳವರೆಗಿನ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಗಾಡಿ ಓಡಿಸುವಾಗ ಕೈಯಲ್ಲಿ ಮೊಬೈಲ್ ಬಳಸುವುದನ್ನು ಅದೇ ತಿದ್ದುಪಡಿ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿತು. ಅಮೆರಿಕದಲ್ಲಿ ನಿಂತಿರುವ ತುರ್ತು ವಾಹನಕ್ಕೂ ಪ್ರತ್ಯೇಕ ಕಾನೂನಿದೆ, ಅದಕ್ಕೆ 'ಮೂವ್ ಓವರ್' ಎನ್ನುತ್ತಾರೆ. ಮಿನುಗುವ ದೀಪ ಕಂಡರೆ ಪಕ್ಕದ ಲೇನ್ ಬಿಟ್ಟು ಸರಿಯಬೇಕು, ಆಗದಿದ್ದರೆ ವೇಗ ಇಳಿಸಬೇಕು. 1996ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಮೊದಲು ಬಂದ ಈ ನಿಯಮ ಈಗ 50 ರಾಜ್ಯಗಳಲ್ಲೂ ಇದೆ. ಅಲ್ಲಿರುವ ನಮ್ಮ ಕನ್ನಡದವರು ದಿನವೂ ಪಾಲಿಸುವ ಈ ರೂಢಿಯನ್ನು ಇಲ್ಲಿ ನಾವು ಪಾಲಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಸಾಮ್ರಾಟ ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ ದಾರಿಹೋಕರಿಗಾಗಿ ಆಲದ ಮರ ನೆಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು ಹೇಳುತ್ತಾನೆ. ಅದೇ ಶಾಸನದಲ್ಲಿ ಇನ್ನೊಂದು ವಿಚಾರವೂ ಇದೆ. ಜನರಲ್ಲಿ ಧಮ್ಮ ಬೆಳೆದದ್ದು ಎರಡು ಬಗೆಯಿಂದ, ಕಟ್ಟಳೆಯಿಂದ ಮತ್ತು ಮನನದಿಂದ. ಎರಡರಲ್ಲಿ ಕಟ್ಟಳೆಯ ಫಲ ಕಡಿಮೆ, ಮನನದ ಫಲವೇ ಹೆಚ್ಚು ಎನ್ನುತ್ತಾನೆ, ತಾನೇ ಕಟ್ಟಳೆ ಮಾಡಿದ ದೊರೆ. ಕಟ್ಟಳೆ ಬೇಡ ಎಂದು ಅವನು ಹೇಳಲಿಲ್ಲ. ನಮಗೂ ದಂಡ ಬೇಕು, ಕ್ಯಾಮೆರಾ ಬೇಕು. ಆದರೆ ರಾತ್ರಿ ಎರಡು ಗಂಟೆಗೆ, ಕ್ಯಾಮೆರಾ ಇಲ್ಲದ ತಿರುವಿನಲ್ಲಿ, ನಮ್ಮ ಕಾಲನ್ನು ಬ್ರೇಕಿನ ಮೇಲೆ ಇಡಿಸುವುದು ಮನನವೇ.

*ಇಂದಿನ ಅಭ್ಯಾಸ*

ಸುತ್ತ ಹೇಳಿದ ನಾಲ್ಕನ್ನೂ ರಸ್ತೆಯಲ್ಲೇ ಮಾಡಬಹುದು.

ತಾಳ್ಮೆ: ಅಪಘಾತದಿಂದ ಗಾಡಿಗಳು ನಿಂತಿದ್ದರೆ ಹಾರ್ನ್ ಹೊಡೆಯದೆ ಕಾಯೋಣ. ಸಂದಿಯಲ್ಲಿ ನುಗ್ಗಿ ಆಂಬುಲೆನ್ಸಿನ ದಾರಿ ಕಟ್ಟದಿರೋಣ.

ಅಹಿಂಸೆ: ದೂರದಲ್ಲಿ ಮಿನುಗುವ ದೀಪ ಕಂಡ ಕೂಡಲೇ ವೇಗ ಇಳಿಸೋಣ. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಅವರಿಗೆ ಒಂದು ಲೇನ್ ಬಿಟ್ಟು ದಾಟೋಣ.

ಮೈತ್ರಿ: ದಾಟುವಾಗ ಇವರು ಇವತ್ತು ಕ್ಷೇಮವಾಗಿ ಮನೆ ಸೇರಲಿ ಎಂದು ಮನಸ್ಸಿನಲ್ಲೇ ಹಾರೈಸೋಣ. ಹಾಗೆ ಹಾರೈಸುವಾಗ ಕೈ ಮೊಬೈಲಿನ ಕಡೆ ಹೋಗುವುದಿಲ್ಲ.

ಅನುಕಂಪ: ವಿಡಿಯೋ ಮಾಡಲು ನಿಲ್ಲುವುದು ಬೇಡ. ನೆರವು ಇನ್ನೂ ಬಂದಿಲ್ಲವಾದರೆ ಗಾಡಿಯನ್ನು ರಸ್ತೆಯಿಂದ ಪೂರ್ತಿ ಆಚೆ ನಿಲ್ಲಿಸಿ 108ಕ್ಕೋ 112ಕ್ಕೋ ಕರೆ ಮಾಡೋಣ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಅದೇ ಕಾಯ್ದೆಯ 134ಎ ಕಲಮು ರಕ್ಷಣೆ ಕೊಟ್ಟಿದೆ.

ಇಂದು ಗಾಡಿ ತೆಗೆಯುವ ಮುನ್ನ ಮೂರು ಉಸಿರನ್ನು ಗಮನಿಸಿ. ಮನೆಯಲ್ಲಿ ಹೊಸದಾಗಿ ಗಾಡಿ ಕಲಿಯುತ್ತಿರುವ ಮಕ್ಕಳಿದ್ದರೆ ಈ ನಾಲ್ಕು ಮಾತನ್ನು ಅವರಿಗೂ ಹೇಳಿ.

ರಸ್ತೆಯಲ್ಲಿ ನಿಂತು ಪರರ ಜೀವ ಉಳಿಸುವ ಎಲ್ಲರೂ ಸುರಕ್ಷಿತವಾಗಿರಲಿ. ಸಕಲ ಜೀವಿಗಳಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು 🙏