ಸೋರಿದ್ದು ಒಂದು ಕಡೆ, ತೊಟ್ಟಿಕ್ಕಿದ್ದು ಇನ್ನೊಂದು ಕಡೆ



ಧಮ್ಮಪದದ ಮೊದಲ ವಗ್ಗದಲ್ಲೇ ಸೋರುವ ಮಾಡಿಗೂ ಪಳಗದ ಮನಸ್ಸಿಗೂ ಒಂದು ಹೋಲಿಕೆ ಬರುತ್ತದೆ. ನಾವೆಲ್ಲ ಓದಿದವರೇ. ನನಗೆ ಅದು ತಟ್ಟಿದ್ದು ಮಾತ್ರ ಕಳೆದ ಜುಲೈನಲ್ಲಿ, ಅಟ್ಟದ ಮೇಲೆ.

ನಮ್ಮದು ತೀರ್ಥಹಳ್ಳಿ ಕಡೆಯ ಹಳೆಯ ಮನೆ. ಮಾಡಿಗೆ ಮಂಗಳೂರು ಹೆಂಚು, 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಸುಡಲು ಶುರು ಮಾಡಿದರಲ್ಲ, ಆ ಜಾತಿಯದು. ಪ್ರತಿವರ್ಷದ ಹಾಗೆ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಿದ್ದೆವು. ಕೆಲಸದವರು ಅಮ್ಮನ ಕೋಣೆಯ ಮೇಲೆ ಹತ್ತು ಹನ್ನೆರಡು ಒಡಕು ಹೆಂಚು ಬದಲಿಸಿದ್ದರು. ಜುಲೈನಲ್ಲಿ ಸರಿಯಾಗಿ ಅಮ್ಮನ ಮಂಚದ ಮೇಲೆಯೇ ತೊಟ್ಟಿಕ್ಕತೊಡಗಿತು. ರಾತ್ರಿಯಿಡೀ ಪಾತ್ರೆ ಇಟ್ಟು ಕೂತೆ. ಬೆಳಿಗ್ಗೆ ಅವರಿಗೆ ಫೋನ್ ಮಾಡಿ ಆಡಬಾರದ ಮಾತು ಆಡಿದೆ. "ಕೂಲಿ ಎಣಿಸಿಕೊಳ್ಳುವಾಗ ಕೈ ಸರಿಯಾಗೇ ಇತ್ತಲ್ಲ" ಅಂದೆ. ಅವರು "ಮಳೆ ಹೊಳವಾಗಲಿ, ಬಂದು ನೋಡ್ತೇನೆ" ಅಂದರು, ಅಷ್ಟೇ.

ಅವರು ಬರುವ ಮೊದಲೇ ನಾನು ಅಟ್ಟ ಹತ್ತಿದೆ. ಮಂಚದ ನೇರಕ್ಕೆ ಇದ್ದ ಹೆಂಚುಗಳ ಒಳಮೈ ಒಣಗಿಯೇ ಇತ್ತು! ಟಾರ್ಚ್ ಬಿಟ್ಟರೆ ಪಕಾಸಿನ ಅಡಿಯಲ್ಲಿ ಒದ್ದೆಯ ಕಪ್ಪು ಗೆರೆ. ನೀರು ಒಳಗೆ ಬಂದಲ್ಲೇ ಬೀಳುವುದಿಲ್ಲ. ಮರಕ್ಕೆ ಅಂಟಿಕೊಂಡು ಇಳಿಜಾರಿನಲ್ಲಿ ಹರಿದು, ಒಂದು ಗಂಟೋ ರೀಪೋ ಅಡ್ಡ ಸಿಕ್ಕಲ್ಲಿ ಬೀಳುತ್ತದೆ. ಗೆರೆ ಹಿಡಿದು ಮೇಲಕ್ಕೆ ಹೋದೆ. ಐದಾರು ಅಡಿ ಮೇಲೆ ಒಂದು ಹೆಂಚು ಪಕ್ಕದ ಹೆಂಚಿನ ಕಚ್ಚಿನಲ್ಲಿ ಕೂರದೆ ತುಸು ಎದ್ದು ನಿಂತಿತ್ತು. ಅದರ ಸಂದಿನಿಂದ ಟಿವಿ ಕೇಬಲ್ ಒಳಗೆ ಬಂದಿತ್ತು. ಜೂನ್ ಮೊದಲ ವಾರ ಆ ಹೆಂಚು ಎತ್ತಿ ಕೇಬಲ್ ತೂರಿಸಿದ್ದು ನಾನೇ.

ಕೇಬಲ್ ಎಳೆದು, ಗೋಡೆಯ ಕಿಂಡಿಯಿಂದ ತಂದು, ಹೆಂಚು ಕೂರಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಮೇಲೂ ಅಟ್ಟದಿಂದ ಇಳಿಯಲು ಮನಸ್ಸಾಗಲಿಲ್ಲ.

ಭಗವಾನ್ ಬುದ್ಧರು ಕಮ್ಮವನ್ನು ಚೇತನದಿಂದ, ಅಂದರೆ ಉದ್ದೇಶದಿಂದ ಅಳೆದರು. ನಾನು ಸುಳ್ಳು ಹೇಳಿರಲಿಲ್ಲ, ಅವರದೇ ತಪ್ಪೆಂದು ನಿಜವಾಗಿ ನಂಬಿದ್ದೆ. ತಿಳಿಯದೆ ಆಡಿದ ಮಾತಿಗೆ ಹೊಣೆ ಎಷ್ಟು? ಸ್ವಲ್ಪ ಹೊತ್ತು ಈ ವಾದ ಹಿತವಾಗಿಯೇ ಇತ್ತು. ಆದರೆ ಅಷ್ಟು ಬೇಗ ನಂಬಿದ್ದೇಕೆ? ಅಟ್ಟದ ಏಣಿ ಅಮ್ಮನ ಕೋಣೆಯ ಬಾಗಿಲಲ್ಲೇ ಇತ್ತು. ಕೈ ಹೋದದ್ದು ಫೋನಿಗೆ. ನಿದ್ದೆಗೆಟ್ಟ ಸಿಟ್ಟಿಗೆ ಬೈಯಲು ಒಬ್ಬ ಮನುಷ್ಯ ಬೇಕಾಗಿತ್ತು, ಕಾರಣ ಬೇಕಾಗಿರಲಿಲ್ಲ. ಕೂಲಿಯವರು, ಎದುರು ಮಾತಾಡಲಾರರು ಎಂಬ ಧೈರ್ಯವೂ ಅದರೊಳಗಿತ್ತು (ಬರೆಯಲು ನಾಚಿಕೆಯಾಗುತ್ತದೆ). ಇದನ್ನು ತಿಳಿಯದೆ ಆದದ್ದು ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಪಟಿಚ್ಚಸಮುಪ್ಪಾದದ ಹನ್ನೆರಡು ಕೊಂಡಿ ನನಗೆ ಬಾಯಿಪಾಠ. ಒಂದು ಪಕಾಸಿನ ಉದ್ದಕ್ಕೆ ಹಿಂದೆ ಹೋಗಿ ನೋಡಲಿಲ್ಲ.

ಮಧ್ಯಾಹ್ನ ಅವರು ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದೆ. ಬಂದುಹೋದ ಖರ್ಚು ಕೊಡಹೋದರೆ ತೆಗೆದುಕೊಳ್ಳಲಿಲ್ಲ. "ಬಿಡಿ ಮಾರಾಯ್ರೆ, ಮಳೆಗಾಲದಲ್ಲಿ ಎಲ್ಲರೂ ಹೀಗೇ ಬೈಯೋದು" ಅಂದರು. ನನ್ನನ್ನು ಸಮಾಧಾನ ಮಾಡಲೆಂದೇ ಅಂದಿರಬೇಕು. ಆಮೇಲೆ ಅಟ್ಟ ಹತ್ತಿ, ನಾನು ಕೂರಿಸಿದ್ದ ಹೆಂಚನ್ನು ಮತ್ತೆ ಎತ್ತಿ, ಕಚ್ಚಿನಲ್ಲಿದ್ದ ಕಸ ಬೆರಳಿನಿಂದ ತೆಗೆದು, ಸರಿಯಾಗಿ ಕೂರಿಸಿ ಹೋದರು.