ಅರ್ಧ ಮನೆ

ಪ್ರೌಢಶಾಲೆಯಲ್ಲಿ 30 ವರ್ಷ ಭೂಗೋಳ ಹೇಳಿಕೊಟ್ಟವನು ನಾನು. ಮಣ್ಣಿನ ವಿಧ, ಮಳೆಯ ಮಾರುತ ಮೊದಲಾದ ಪಾಠಗಳಿಗೆ ತೂಕಡಿಸುತ್ತಿದ್ದ ಮಕ್ಕಳು ಒಂದು ದಿನ ಮಾತ್ರ ಕಣ್ಣರಳಿಸಿ ಕುಳಿತಿರುತ್ತಿದ್ದರು. ಅದು ಎಸ್ಕಿಮೋ ಜನರ ಪಾಠದ ದಿನ. ಹಿಮದ ಮನೆ, ನಾಯಿಗಳು ಎಳೆಯುವ ಬಂಡಿ, ಹಸಿ ಮಾಂಸದ ಊಟ, ಸದಾ ನಗುವ ದುಂಡು ಮುಖ—ಇಷ್ಟನ್ನು ಹೇಳಿ, ತೆಂಗಿನ ಚಿಪ್ಪನ್ನು ಕವುಚಿಟ್ಟಂತೆ ಕರಿಹಲಗೆಯ ಮೇಲೊಂದು ಮನೆ ಬರೆದುಬಿಟ್ಟರೆ ಪಾಠ ಮುಗಿಯಿತು. ಒಮ್ಮೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದುನಿಂತು, “ಅವರ ಊರಿನಲ್ಲಿ ನಮ್ಮ ಪಾಠ ಇರುತ್ತದೆಯೆ, ಸಾರ್?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, “ಕೂತುಕೋಮ್ಮ” ಎಂದೆ.

ಆ ಪ್ರಶ್ನೆಗೆ ನಗಬಾರದಾಗಿತ್ತೆಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ‘ಉತ್ತರದ ನನೂಕ್’ ಎಂಬ ಹಳೆಯ ಮೂಕಿ ಚಿತ್ರವನ್ನು ಈಚೆಗೆ ಮೊಮ್ಮಗನ ಕೃಪೆಯಿಂದ ಮನೆಯಲ್ಲೇ ನೋಡಿದೆ. 1922ರಲ್ಲಿ ತೆರೆಕಂಡ ಈ ಚಿತ್ರವನ್ನು ತೆಗೆದವನು ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕನ್. ಕೆನಡಾದ ಹಡ್ಸನ್ ಕೊಲ್ಲಿಯ ಪೂರ್ವ ದಡದಲ್ಲಿರುವ ಇನುಕ್‌ಜುವಾಕ್ ಎಂಬ ಊರಿನ ಸುತ್ತ ಅದರ ಚಿತ್ರೀಕರಣ ನಡೆಯಿತು. ಖರ್ಚು ಕೊಟ್ಟದ್ದು ತುಪ್ಪುಳಿನ ವ್ಯಾಪಾರ ಮಾಡುವ ಒಂದು ಫ್ರೆಂಚ್ ಕಂಪನಿ. ಕತೆ ಸರಳ: ನನೂಕ್ ಎಂಬ ಬೇಟೆಗಾರ, ಅವನ ಹೆಂಡತಿ ಮಕ್ಕಳು, ಅವರ ಹಸಿವು, ಅವರ ಧೈರ್ಯ. ಚಿತ್ರ ನಿಜವಾಗಿಯೂ ಸುಂದರವಾಗಿದೆ. ನನ್ನ ಪಾಠದ ತವರುಮನೆ ಇದೇ ಎಂದು ನೋಡುತ್ತಿದ್ದಂತೆಯೇ ಹೊಳೆಯಿತು.

ಆಮೇಲೆ ಅದರ ಹಿಂದಿನ ಕತೆಯನ್ನು ಓದಿದೆ. ನಾಯಕನ ಹೆಸರು ನನೂಕ್ ಅಲ್ಲ, ಅಲ್ಲಕರಿಅಲ್ಲಕ್. ಹೆಂಡತಿಯಾಗಿ ಕಾಣಿಸಿಕೊಂಡವಳು ಅವನ ಹೆಂಡತಿಯಲ್ಲ. ಅಲ್ಲಿಯ ಬೇಟೆಗಾರರು ಆಗಲೇ ಬಂದೂಕು ಹಿಡಿದಿದ್ದರು. ಚಿತ್ರಕ್ಕಾಗಿ ಅದನ್ನು ಬದಿಗಿಟ್ಟು ಈಟಿ ಹಿಡಿದರು. ಗ್ರಾಮಫೋನಿನ ತಟ್ಟೆಯನ್ನು ಮುಗ್ಧನಂತೆ ಹಲ್ಲಿನಿಂದ ಕಚ್ಚಿ ನೋಡುವ ದೃಶ್ಯ ನಟನೆ. ಹಿಮದ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆ ಹೋದುದರಿಂದ, ದೊಡ್ಡದೊಂದು ಮನೆ ಕಟ್ಟಿ ಅದರ ಅರ್ಧ ಭಾಗವನ್ನು ತೆರೆದಿಟ್ಟರು. ಆ ಅರ್ಧ ಮನೆಯ ಚಳಿಗಾಳಿಯಲ್ಲಿ ಸಂಸಾರವು ಬೆಚ್ಚಗೆ ಮಲಗಿದಂತೆ ನಟಿಸಬೇಕಾಯಿತು. ಚಿತ್ರ ಬಂದ ಎರಡು ವರ್ಷಗಳೊಳಗೆ ನನೂಕ್ ಹಸಿವಿನಿಂದ ಸತ್ತನೆಂದು ಲೋಕಕ್ಕೆಲ್ಲ ಹೇಳಲಾಯಿತು. ಅಲ್ಲಕರಿಅಲ್ಲಕ್ ಸತ್ತದ್ದು ತನ್ನ ಮನೆಯಲ್ಲಿ, ರೋಗದಿಂದ—ಬಹುಶಃ ಕ್ಷಯದಿಂದ.

ಇಲ್ಲಿ ಓದುಗರು ನನ್ನನ್ನು ತಡೆಯಬಹುದು. “ಇದರಲ್ಲಿ ಅಂಥ ಪಾಪವೇನಯ್ಯ? ಕಲೆಯೆಂದರೆ ಕಟ್ಟಿದ್ದಲ್ಲವೆ? ಆತನೇನು ಆ ಜನರನ್ನು ಹೀಯಾಳಿಸಿದನೆ? ಪ್ರೀತಿಸಿದ, ಜಗತ್ತೂ ಪ್ರೀತಿಸುವಂತೆ ಮಾಡಿದ” ಎನ್ನಬಹುದು. ಆಕ್ಷೇಪ ಸಣ್ಣದಲ್ಲ. ಪ್ರೀತಿಯಿಂದ ಬರೆದ ಸುಳ್ಳು ಚಿತ್ರ ಅನ್ಯಾಯವಾಗುತ್ತದೆಯೆ? ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದೇ.

ಹೀಯಾಳಿಕೆಯ ಮಾತು ಬಂದುದರಿಂದ ಇನ್ನೊಂದು ನಿದರ್ಶನ ಹೇಳುತ್ತೇನೆ. 1845ರಲ್ಲಿ ಫ್ರಾಂಕ್ಲಿನ್ ಎಂಬ ಇಂಗ್ಲಿಷ್ ನಾವಿಕನು ಎರಡು ಹಡಗುಗಳೊಡನೆ ಉತ್ತರ ಸಮುದ್ರಕ್ಕೆ ಹೋದವನು ಹಿಂದಿರುಗಲಿಲ್ಲ. 1854ರಲ್ಲಿ ಜಾನ್ ರೇ ಎಂಬ ವೈದ್ಯ ಆ ಪ್ರದೇಶದ ಜನರಿಂದ ಸುದ್ದಿ ತಂದ: ನಾವಿಕರು ಹಸಿವಿನಿಂದ ಸತ್ತರು, ಕೊನೆಗೆ ಸತ್ತವರ ಮಾಂಸವನ್ನೂ ತಿಂದರು. ಲಂಡನ್ ಉರಿದೆದ್ದಿತು. ದೀನದಲಿತರ ಗೆಳೆಯನೆಂದು ನಾವೆಲ್ಲ ಗೌರವಿಸುವ ಚಾರ್ಲ್ಸ್ ಡಿಕನ್ಸ್ ತನ್ನ ಪತ್ರಿಕೆಯಲ್ಲಿ ಬರೆದ—ಇಂಥ ಕಾಡುಜನರ ಮಾತನ್ನು ನಂಬಲಾಗದು, ಅವರೇ ಕೊಂದಿರಲಾರರೆಂದು ಹೇಗೆ ಹೇಳುವುದು ಎಂಬ ಧಾಟಿಯಲ್ಲಿ. ಮುಂದೆ ಸಿಕ್ಕಿದ ಮೂಳೆಗಳ ಮೇಲಿನ ಕತ್ತಿಯ ಗುರುತುಗಳನ್ನು 1990ರ ದಶಕದಲ್ಲಿ ಪರೀಕ್ಷಿಸಿದಾಗ ಆ ಜನ ಹೇಳಿದ್ದು ನಿಜವೆಂದು ಕಂಡಿತು. 2014ರಲ್ಲಿ ಒಂದು ಹಡಗು, 2016ರಲ್ಲಿ ಇನ್ನೊಂದು ಹಡಗು ನೀರಿನಡಿ ಸಿಕ್ಕಿದುವು. ಮೊದಲನೆಯದನ್ನು ಹುಡುಕಲು ಅವರ ಹಿರಿಯರ ಬಾಯಿಮಾತು ದಾರಿ ತೋರಿತು. ಎರಡನೆಯದಕ್ಕೆ ಅವರಲ್ಲೊಬ್ಬನು ಕೊಟ್ಟ ಸುಳಿವು ನೆರವಾಯಿತು. ಸತ್ಯ ನುಡಿದವರು ಸುಳ್ಳರೆನಿಸಿಕೊಂಡು 150 ವರ್ಷಗಳ ಹತ್ತಿರ ಕಾಯಬೇಕಾಯಿತು.

ಡಿಕನ್ಸನದು ತಿರಸ್ಕಾರ, ಫ್ಲಾಹರ್ಟಿಯದು ಪ್ರೀತಿ. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಎರಡರ ನಡುವೆ ಒಂದು ಹೋಲಿಕೆಯಿದೆ. ಒಬ್ಬನಿಗೆ ಆ ಜನರ ಮಾತು ಬೇಡವಾಯಿತು; ಇನ್ನೊಬ್ಬನಿಗೆ ಅವರ ಕಾಲ ಬೇಡವಾಯಿತು. ಬಂದೂಕು ಹಿಡಿದವನು ನಮ್ಮ ಸಮಕಾಲೀನ. ಅವನಿಗೆ ನರಿಯ ತೊಗಲಿನ ಬೆಲೆ ಇಳಿದರೆ ನಷ್ಟವಾಗುತ್ತದೆ, ಹೊರಗಿನಿಂದ ಬಂದ ರೋಗ ತಗಲುತ್ತದೆ, ಅವನು ದೂರು ಹೇಳಬಲ್ಲ. ಈಟಿ ಹಿಡಿದವನಿಗೆ ಯಾವ ದೂರೂ ಇಲ್ಲ. ಅವನ ಶತ್ರು ಚಳಿಯೊಂದೇ. ತುಪ್ಪುಳಿನ ಅಂಗಡಿ ಚಿತ್ರದಲ್ಲೂ ಬರುತ್ತದೆ, ಆದರೆ ನಗುವಿಗೆ ಎಡೆಯಾಗಿ. ಹಸಿವಿನಿಂದ ಸತ್ತ ವೀರನಿಗಾಗಿ ಕಣ್ಣೀರಿಡುವುದು ಸುಲಭ. ಕ್ಷಯದಿಂದ ಸತ್ತವನಿಗೆ ಆ ರೋಗ ಹೇಗೆ ತಗಲಿತೆಂದು ಕೇಳಬೇಕಾಗುತ್ತದೆ.

ದೂರದ ಬೆಟ್ಟ ನುಣ್ಣಗೆ ಕಂಡರೆ ಬೆಟ್ಟಕ್ಕೇನು ನಷ್ಟ ಎನ್ನಬಹುದು. ನಷ್ಟವಿದೆ. ದೂರ ಕುಳಿತವನ ಕೈಯಲ್ಲಿ ಅಧಿಕಾರವಿದ್ದರೆ ಆ ನುಣುಪನ್ನೇ ನಂಬಿ ಆತ ಆಜ್ಞೆ ಹೊರಡಿಸುತ್ತಾನೆ. 1953ರಲ್ಲಿ, ಮತ್ತೆ 1955ರಲ್ಲಿ, ಅದೇ ಇನುಕ್‌ಜುವಾಕ್‌ನ ಹಲವು ಕುಟುಂಬಗಳನ್ನು ಕೆನಡಾ ಸರ್ಕಾರವು ಸುಮಾರು 2000 ಕಿಲೋಮೀಟರು ಉತ್ತರಕ್ಕೆ ಸಾಗಿಸಿ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯನೇ ಮೂಡದ ದ್ವೀಪಗಳಲ್ಲಿ ಇಳಿಸಿತು. ಅವರು ಸರ್ಕಾರದ ನೆರವಿಗೆ ಒಗ್ಗಿಹೋಗದೆ ಹಳೆಯ ಬೇಟೆಯ ಬಾಳಿಗೆ ಮರಳಲಿ ಎಂಬುದು ಹೇಳಿದ ಕಾರಣ; ಆ ನಿರ್ಜನ ದ್ವೀಪಗಳ ಮೇಲೆ ದೇಶದ ಹಕ್ಕು ಊರುವುದು ಒಳಗಿನ ಕಾರಣವೆಂದು ಅನೇಕರ ವಾದ. ಬೇಡವೆನಿಸಿದರೆ ಎರಡು ವರ್ಷಗಳಲ್ಲಿ ಹಿಂದಕ್ಕೆ ಕರೆತರುವೆವೆಂದ ಮಾತು ನಡೆಯಲಿಲ್ಲ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ. ಚಿತ್ರದಲ್ಲಿ ಹೆಂಡತಿಯಾಗಿ ನಟಿಸಿದ ಹೆಣ್ಣಿನಲ್ಲಿ ಫ್ಲಾಹರ್ಟಿಗೆ ಒಬ್ಬ ಮಗ ಹುಟ್ಟಿದ್ದ. ತಂದೆ ಅವನ ಮುಖ ನೋಡಲಿಲ್ಲ. ಆ ಮಗನೂ 1955ರಲ್ಲಿ ಸಂಸಾರಸಮೇತ ಹಡಗು ಹತ್ತಿದವರಲ್ಲಿ ಒಬ್ಬ.

ಇದಕ್ಕೆಲ್ಲ ಒಂದು ಚಲನಚಿತ್ರವೇ ಕಾರಣವೆಂದರೆ ಅತಿಯಾದೀತು. ಆದರೆ ‘ಈ ಜನ ಹೀಗೆಯೇ ಇರತಕ್ಕವರು, ಹಿಮವಿದ್ದಲ್ಲಿ ಸುಖಿಗಳು’ ಎಂಬ ನಂಬಿಕೆ ಎರಡರಲ್ಲಿಯೂ ಇದೆ. ಅದೇ ನಂಬಿಕೆ, ಯಾವ ಅಧಿಕಾರವೂ ಇಲ್ಲದ ನನ್ನ ಕರಿಹಲಗೆಯ ಮೇಲೂ ಇತ್ತು.

ಹಾಗಾದರೆ ಹೊರಗಿನವನು ಬರೆಯಲೇಬಾರದೆ? ಹಾಗೆಂದರೆ ಭೂಗೋಳದ ಮೇಷ್ಟರ ಕಸುಬೇ ಮುಗಿಯಿತು! ಗೋಡೆ ಕತ್ತರಿಸಿದ್ದು ತಪ್ಪೆಂದು ನನಗೆ ಅನಿಸುವುದಿಲ್ಲ. ಬೆಳಕಿಲ್ಲದೆ ಯಾವುದನ್ನು ತೋರಿಸಲಾದೀತು? ಕತ್ತರಿಸಿದ್ದನ್ನು ಮುಚ್ಚಿ, ಇದೇ ಇಡಿಯ ಮನೆ ಎಂದು ಹೇಳಿದ್ದು ತಪ್ಪು. 2001ರಲ್ಲಿ ಆ ಜನರವನೇ ಆದ ಜಕರಿಯಾಸ್ ಕುನುಕ್ ಎಂಬಾತ ‘ಅತನಾರ್ಜುವಾತ್’ ಎಂಬ ಚಿತ್ರವನ್ನು ತಮ್ಮ ಇನುಕ್ಟಿಟುಟ್ ಭಾಷೆಯಲ್ಲಿ ತೆಗೆದ. ಅದಕ್ಕೆ ಕಾನ್ ಉತ್ಸವದಲ್ಲಿ ಬಹುಮಾನ ಬಂತು. ಅಲ್ಲಿಯೂ ತೊಗಲಿನ ಉಡುಪು, ಹಿಮದ ಮನೆ, ನಾಯಿಬಂಡಿಗಳಿವೆ. ಆದರೆ ಅದು ಹಿಂದಿನ ಕಾಲದ ಐತಿಹ್ಯವೆಂದು ನೋಡುವವನಿಗೆ ತಿಳಿದಿರುತ್ತದೆ. ಕತೆ ಮುಗಿದು ಹೆಸರುಗಳು ಬರುವಾಗ, ಈ ಕಾಲದ ಉಡುಪಿನಲ್ಲಿ ಕ್ಯಾಮೆರಾ ಹಿಡಿದು ಕೆಲಸ ಮಾಡುತ್ತಿರುವ ಅವರೇ ತೆರೆಯ ಮೇಲೆ ಕಾಣಿಸಿಕೊಳ್ಳುತ್ತಾರೆ. ಗೋಡೆ ಎಲ್ಲಿ ಕತ್ತರಿಸಿದೆಯೆಂದು ಅವರೇ ತೋರಿಸಿಕೊಡುತ್ತಾರೆ.

ಎಸ್ಕಿಮೋ ಎಂಬುದು ಇತರರು ಇಟ್ಟ ಹೆಸರು. ಕೆನಡಾದಲ್ಲಿ ಅವರು ತಮ್ಮನ್ನು ಇನುಯಿಟ್ ಎಂದು ಕರೆದುಕೊಳ್ಳುತ್ತಾರೆ. ‘ಜನರು’ ಎಂದಷ್ಟೆ ಅದರ ಅರ್ಥ. 30 ವರ್ಷ ನಾನು ಅವರ ಮನೆಯ ಚಿತ್ರ ಬರೆದೆ. ಈ ಒಂದು ಮಾತನ್ನು ಹೇಳಿಕೊಡಲಿಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೋ! ಸಿಕ್ಕಿದರೆ, “ನಿನ್ನ ಪ್ರಶ್ನೆಗೆ ಅಂದು ಉತ್ತರ ಗೊತ್ತಿರಲಿಲ್ಲ ತಾಯಿ, ಅದಕ್ಕೇ ನಕ್ಕೆ” ಎಂದು ಒಪ್ಪಿಕೊಳ್ಳಬೇಕೆಂದಿದ್ದೇನೆ.