ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮಕ್ಕಳ ಆಟದಲ್ಲಿ ಒಂದು ದಯೆಯ ನಿಯಮವಿದೆ. ಕುಂಟೆಬಿಲ್ಲೆಯೋ ಮುಟ್ಟಾಟವೋ ನಡೆಯುತ್ತಿರುವಾಗ ಮೂರು ವರ್ಷದ ಮಗುವೊಂದು ಅಳುತ್ತ ಬಂದು ನಿಂತರೆ ದೊಡ್ಡ ಮಕ್ಕಳು ಅದನ್ನೂ ಸೇರಿಸಿಕೊಂಡು, ‘ಇವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸಾರಿಬಿಡುತ್ತಾರೆ. ಆ ಮಗು ಔಟಾಗುವುದಿಲ್ಲ, ಗೆಲ್ಲುವುದೂ ಇಲ್ಲ. ಎಲ್ಲರ ನಡುವೆ ಓಡಾಡಿಕೊಂಡು ಸಂತೋಷವಾಗಿರುತ್ತದೆ. ಮಗುವಿಗೆ ಇದು ಉಪಕಾರವೇ. ಆದರೆ ಬೆಳೆದ ಮನುಷ್ಯನನ್ನು ಜೀವಮಾನವೆಲ್ಲ ಹೀಗೆಯೇ ಇಟ್ಟರೆ? ಅವನಿಲ್ಲದೆ ಆಟ ಸಾಗದು, ಲೆಕ್ಕ ಬರೆಯುವಾಗ ಮಾತ್ರ ಅವನ ಹೆಸರು ಬಾರದು ಎಂದರೆ ಅದನ್ನು ಏನೆಂದು ಕರೆಯೋಣ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಒಂದು ಮಣೆಯಾಟದ ದೆಸೆಯಿಂದ. ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಕಳವಾರಕ್ಕೆ ಬರುವಾಗ ಒಂದು ದೊಡ್ಡ ಪೆಟ್ಟಿಗೆ ಹೊತ್ತು ತಂದ. ಅದರ ಹೆಸರು ‘ಲೂಥಿಯರ್’. ಡೇವ್ ಬೆಕ್, ಏಬ್ ಬರ್ಸನ್ ಎಂಬಿಬ್ಬರು ರೂಪಿಸಿದ ಆಟ. ತಂತಿವಾದ್ಯಗಳನ್ನು ತಯಾರಿಸುವವನಿಗೆ ಯೂರೋಪಿನಲ್ಲಿ ಲೂಥಿಯರ್ ಎನ್ನುತ್ತಾರಂತೆ. ಆಡುವ ಒಬ್ಬೊಬ್ಬರೂ ಹಳೆಯ ಕಾಲದ ಒಂದೊಂದು ವಾದ್ಯ ತಯಾರಕರ ಮನೆತನ. ಕೆಲಸದಾಳುಗಳ ಬಿಲ್ಲೆಗಳನ್ನು ಕವುಚಿ ಒಂದರ ಮೇಲೊಂದು ಇಡಬೇಕು. ತಿರುಗಿಸಿ ನೋಡಿದಾಗ ಯಾರದು ಹೆಚ್ಚಿನದೋ ಅವರಿಗೆ ಮೊದಲ ಸರದಿ. ವಾದ್ಯ ಮಾಡಬೇಕು, ಮುರಿದದ್ದನ್ನು ರಿಪೇರಿ ಮಾಡಬೇಕು, ಕಚೇರಿ ನಡೆಸಬೇಕು, ಆಶ್ರಯದಾತರ ಮರ್ಜಿ ಕಾಯಬೇಕು. ನಿಯಮಗಳನ್ನು ಕೇಳುವುದರಲ್ಲೇ ನಮ್ಮ ಮನೆಯಲ್ಲಿ ಎರಡು ಸಲ ಕಾಫಿ ಆಯಿತು.

ನನಗೆ ಸೋಜಿಗವಾದದ್ದು ನಿಯಮಗಳಲ್ಲ. ಮಣೆಯ ನಡುವೆ ಗಾಯಕನಿಲ್ಲ, ರಾಜನಿಲ್ಲ, ಮರ ಕೆತ್ತುವವನಿದ್ದಾನೆ. ಅಂಕ ಅವನಿಗೆ.

ಮಣೆಯಾಟ ಎಂದರೆ ಬರೀ ಹೊತ್ತು ಕಳೆಯುವ ಸಾಧನವಲ್ಲ. ಮಣೆ ಬರೆದವರು ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬುದು ಅದರ ಮನೆಗಳಲ್ಲೇ ಕಾಣುತ್ತದೆ. ನಮ್ಮ ಪರಮಪದ ಸೋಪಾನದಲ್ಲಿ ಪುಣ್ಯಕ್ಕೆ ಏಣಿ, ಪಾಪಕ್ಕೆ ಹಾವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳಲ್ಲಿ ಎಷ್ಟು ಆಸಕ್ತರೆಂದರೆ, ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬ ಒಂದು ಭಾಗವೇ ಅವಕ್ಕೆ ಮೀಸಲಾಯಿತು. ಹಾಗಾದರೆ ನಮ್ಮ ಸಂಗೀತದ ವಾದ್ಯಗಳನ್ನು ಕುರಿತು ಯಾರಾದರೂ ಮಣೆ ಬರೆದರೆ ಅದರಲ್ಲಿ ಯಾವ ಯಾವ ಮನೆಗಳಿರಬೇಕು?

ವೀಣೆಯದು ಸುಲಭ. ಹಲಸಿನ ಮರ ಬೇಕು. ತೂಬಗೆರೆ ಕಡೆಯ ಹಲಸನ್ನು ನಾವು ಹಣ್ಣಿಗಾಗಿ ನೆನೆಯುತ್ತೇವೆ. ವೀಣೆ ಮಾಡುವವನು ಮರವನ್ನೇ ನೋಡುತ್ತಾನೆ. ಕಡಿದ ಮರ ಚೆನ್ನಾಗಿ ಒಣಗಬೇಕು, ಅವಸರಪಟ್ಟರೆ ಆಮೇಲೆ ಬಿರುಕು. ಕೊಡ ತೋಡಬೇಕು, ದಂಡಿ ಕೂಡಿಸಬೇಕು, ಯಾಳಿಯ ಮುಖ ಕೆತ್ತಬೇಕು. ಮೇಣದ ಮೇಲೆ 24 ಮೆಟ್ಟಿಲುಗಳನ್ನು ಕೂರಿಸುವುದಕ್ಕೆ ಕೈ ಸಾಲದು, ಕಿವಿಯೂ ಬೇಕು. ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಇಷ್ಟು ಮಾಡಿದವನ ಹೆಸರು ಕೇಳಿ ನೋಡಿ. ವೀಣೆ ಶೇಷಣ್ಣನವರ ಹೆಸರು ಎಲ್ಲರಿಗೂ ಗೊತ್ತು; ಅವರು ನುಡಿಸಿದ ವೀಣೆಯನ್ನು ಮಾಡಿದ ಕೈ ಯಾವುದೆಂದು ನಾವು ಕೇಳುವುದಿಲ್ಲ. ಪಿಟೀಲಿನ ಊರಾದ ಇಟಲಿಯ ಕ್ರೆಮೋನಾದಲ್ಲಿ ಹಾಗಲ್ಲ. ಅಲ್ಲಿನ ಸ್ಟ್ರಾಡಿವೇರಿ ತೀರಿಕೊಂಡದ್ದು 1737ರಲ್ಲಿ. ಇವತ್ತಿಗೂ ಪಿಟೀಲಿನ ಬೆಲೆಯನ್ನು ಅವನ ಹೆಸರು ನಿರ್ಧರಿಸುತ್ತದೆ, ನುಡಿಸುವವರು ಯಾರೇ ಇರಲಿ.

ಕಷ್ಟ ಇರುವುದು ಮೃದಂಗದ ಮನೆಯಲ್ಲಿ. ಮೃದಂಗದ ಒಡಲು ಹಲಸಿನದು, ನಾದ ಚರ್ಮದ್ದು. ಹಸು, ಮೇಕೆ, ಎಮ್ಮೆ ಮೂರರ ಚರ್ಮವೂ ಬೇಕು. ಚರ್ಮವನ್ನು ಆಯ್ದು, ಹದಮಾಡಿ, ಪದರ ಪದರವಾಗಿ ಕೂರಿಸಿ, ಬಲಮುಖಕ್ಕೆ ಕರಣೆ ಹಚ್ಚಿ ತಿಕ್ಕಿ, ಶ್ರುತಿ ಬರುವವರೆಗೆ ಕಿವಿಗೊಟ್ಟು ಕೇಳುವವರು ಬಹುಮಟ್ಟಿಗೆ ದಲಿತರು. ಗಾಯಕ ಟಿ. ಎಂ. ಕೃಷ್ಣ ಅವರು 2020ರಲ್ಲಿ ಈ ಕುಶಲಿಗಳ ಬಗ್ಗೆಯೇ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕ ಬರೆದರು. ಮನೆಯೊಳಗೆ ಮಾಂಸದ ವಾಸನೆಯನ್ನೂ ಸಹಿಸದವರು ವೇದಿಕೆಯ ಮೇಲೆ ಆ ಚರ್ಮದ ಮೇಲೆ ಕೈಯಿಟ್ಟು ನಾದಬ್ರಹ್ಮನನ್ನು ಕರೆಯುತ್ತಾರೆ. ಕೈ ಇಡುವುದು ತಪ್ಪಲ್ಲ. ಆ ನಾದದ ಹಿಂದೆ ಯಾರ ಕೈ ಇದೆ ಎಂಬುದನ್ನು ಮರೆಯುವುದು ತಪ್ಪು.

ಇದನ್ನು ಹೇಳಿದಾಗ ಹುಡುಗ ಒಂದು ಒಳ್ಳೆಯ ಮಾತು ಹೇಳಿದ. “ದೊಡ್ಡಮ್ಮ, ಆಟ ಅಂದ್ಮೇಲೆ ಎಲ್ಲಾನೂ ಸೇರಿಸೋಕಾಗಲ್ಲ. ಏನಾದ್ರೂ ಬಿಡಲೇಬೇಕು, ಇಲ್ದಿದ್ರೆ ಆಟಾನೇ ಮುಗಿಯಲ್ಲ.” ನಿಜ. ಭೂಪಟದಲ್ಲಿ ಪ್ರತಿ ಮನೆಯನ್ನೂ ಬರೆಯಲಾಗುವುದಿಲ್ಲ. ಆದರೆ ಜಾಗ ಸಾಲದೆ ಬಿಡುವುದು ಬೇರೆ, ನಾಚಿಕೆಯಿಂದ ಬಿಡುವುದು ಬೇರೆ. ಮರಕ್ಕೆ, ಮೇಣಕ್ಕೆ, ಯಾಳಿಯ ಮುಖಕ್ಕೆ ಸಿಕ್ಕ ಜಾಗ ಚರ್ಮಕ್ಕೆ ಮಾತ್ರ ಸಿಗದಿದ್ದರೆ ಅದು ಜಾಗದ ಕೊರತೆಯಲ್ಲ.

ದೂರದ ಮಾತು ಬೇಡ. ನಮ್ಮ ಕಡೆ ತಮಟೆಯಿಲ್ಲದೆ ಜಾತ್ರೆಯಿಲ್ಲ, ಸಾವೂ ಇಲ್ಲ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ತಮಟೆ ಕೊನೆಗೂ ಲೆಕ್ಕಕ್ಕೆ ಬಂತು ಎಂದುಕೊಂಡೆವು. ಆದರೆ ನನ್ನ ತರಗತಿಯ ಒಬ್ಬ ಹುಡುಗ ‘ನನ್ನ ಕುಟುಂಬ’ ಎಂಬ ಪ್ರಬಂಧದಲ್ಲಿ ತಂದೆಯ ಉದ್ಯೋಗ ‘ಕೂಲಿ’ ಎಂದು ಬರೆದಿದ್ದ. ಸುಳ್ಳಲ್ಲ, ದ್ರಾಕ್ಷಿ ತೋಟದ ಕೂಲಿಗೂ ಅವರು ಹೋಗುತ್ತಿದ್ದರು. ಆದರೆ ಸುತ್ತಿನ ಹಳ್ಳಿಗಳವರು ತಮಟೆಗೆ ಚರ್ಮ ಬಿಗಿಸಲು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಇದು ಹುಡುಗನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಹತ್ತು ವರ್ಷದ ಮಗು ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆಗಲೇ ಕಲಿತುಬಿಟ್ಟಿತ್ತು. ಆ ಪಾಠ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಅದನ್ನು ಓದಿದ ಮೇಲೆ ‘ಕುಶಲಿಯನ್ನು ಗೌರವಿಸೋಣ’ ಎಂಬ ಮಾತು ನನಗೆ ಅಷ್ಟು ಸಲೀಸಾಗಿ ಬರುವುದಿಲ್ಲ. ಹುಡುಗ ಬಿಟ್ಟದ್ದು ಬರೀ ಸಂಕೋಚದಿಂದಲೇ ಎಂದು ಹೇಗೆ ಹೇಳುವುದು? ಹುಟ್ಟಿನಿಂದ ಹೊರಿಸಿದ ಕೆಲಸವನ್ನು ಕೆಳಗಿಡುವುದೂ ಒಂದು ಸ್ವಾಭಿಮಾನ. ಸತ್ತ ದನ ಹೊರುವುದನ್ನು ಬಿಡಿ ಎಂದು ಅಂಬೇಡ್ಕರ್ ಹೇಳಿದ್ದು ಅದಕ್ಕಾಗಿಯೇ. ತಮಟೆ ಬಡಿಯುವುದಿಲ್ಲ ಎಂದು ಎದ್ದು ನಿಂತ ಕೇರಿಗಳೂ ಇವೆ. ಅಂಥವರ ಮುಂದೆ ನಿಂತು, ಎಂಥಾ ಒಳ್ಳೆಯ ಕಲೆ ಬಿಟ್ಟಿರಲ್ಲ ಎಂದು ಮರುಗುವುದು ಎಂದೂ ಚರ್ಮ ಮುಟ್ಟದ ನನ್ನಂಥವರಿಗೆ ಸುಲಭ.

ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞಾನಿ 1978ರ ತಮ್ಮ ಪುಸ್ತಕವೊಂದರಲ್ಲಿ ಆಟದ ಸ್ವರೂಪವನ್ನು ವಿಚಾರ ಮಾಡಿದ್ದಾರೆ. ಬೇಕಿಲ್ಲದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ದಾಟುವ ಯತ್ನವೇ ಆಟ ಎಂಬುದು ಅವರ ಮಾತಿನ ಸಾರ. ‘ನಾವಾಗಿಯೇ’ ಎಂಬಲ್ಲಿ ನನ್ನ ಕಣ್ಣು ನಿಂತಿತು. ಲೂಥಿಯರ್ ಆಡುವ ನಾಲ್ವರು ಎರಡು ಮೂರು ಗಂಟೆ ಮರಗೆಲಸದವರಾಗಿ, ಆಶ್ರಯದಾತರ ಮುನಿಸು ಸಹಿಸಿ, ಬಿಲ್ಲೆಗಳನ್ನು ಪೆಟ್ಟಿಗೆಗೆ ತುಂಬಿ ಊಟಕ್ಕೆ ಏಳುತ್ತಾರೆ. ಆ ಹುಡುಗನ ತಂದೆಗೆ ಪೆಟ್ಟಿಗೆ ಮುಚ್ಚುವ ಅಧಿಕಾರ ಯಾರು ಕೊಟ್ಟಿದ್ದರು? ಅವರಿಗೆ ಕೆಲಸ ಬಂದದ್ದು ಹುಟ್ಟಿನಿಂದ, ಕೂಲಿ ಸಿಕ್ಕಿದ್ದು ಊರಿನವರ ಮನಸ್ಸು ಬಂದಷ್ಟು.

ಆದ್ದರಿಂದ ಲೆಕ್ಕಕ್ಕೆ ಹಿಡಿಯುವುದು ಎಂದರೆ ಶಾಲು ಹೊದಿಸುವುದಷ್ಟೇ ಅಲ್ಲ ಎಂದು ನನಗೆ ತೋರುತ್ತದೆ. ಮೊದಲು ಕೆಲಸಕ್ಕೆ ತಕ್ಕ ಬೆಲೆ, ಆಮೇಲೆ ಹೆಸರು. ಇವೆರಡಕ್ಕಿಂತ ಹೆಚ್ಚಾಗಿ, ಬೇಕೆಂದರೆ ಮಾಡುವ, ಬೇಡವೆಂದರೆ ಬಿಡುವ ಸ್ವಾತಂತ್ರ್ಯ. ಅವರ ಮಗ ಮೇಷ್ಟರಾಗಲಿ, ಬೇರೆ ಯಾರದೋ ಮಗಳು ಇಷ್ಟಪಟ್ಟು ಚರ್ಮ ಹದಮಾಡಲು ಕಲಿಯಲಿ. ಕೆಲಸಕ್ಕೆ ಅಂಟಿದ ಕೀಳುತನ ಹೋಗುವುದು ಅದನ್ನು ಹೊಗಳುವುದರಿಂದಲ್ಲ, ಯಾರು ಬೇಕಾದರೂ ಅದನ್ನು ಮಾಡುವಂತಾದಾಗ.

ಊರ ಜಾತ್ರೆಗಳ ಕರಪತ್ರ ನೋಡಿರುತ್ತೀರಿ. ಹೂವಿನ ಅಲಂಕಾರ ಯಾರದು, ಶಾಮಿಯಾನ ಯಾರದು, ಪಾನಕ ಮಜ್ಜಿಗೆ ಯಾರ ಸೇವೆ, ಮೈಕ್‌ಸೆಟ್ ಯಾರದು ಎಂಬುದೆಲ್ಲ ಇನಿಷಿಯಲ್ ಸಮೇತ ಅಚ್ಚಾಗಿರುತ್ತದೆ. ದೇವರ ಮುಂದೆ ನಡೆಯುವ ತಮಟೆಗೆ ಚರ್ಮ ಬಿಗಿದವರ ಹೆಸರು ಅಲ್ಲಿ ನನಗೆ ಕಂಡಿಲ್ಲ. ಒಂದು ಸಾಲಿಗೆ ಜಾಗವಿದ್ದೇ ಇದೆ. ಹಾಕುವ ಮೊದಲು ಅವರ ಮನೆಗೆ ಹೋಗಿ ಕೇಳಬೇಕು. ಹಾಕಿ ಎಂದರೆ ಮಿಕ್ಕವರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಬೇಕು. ಬೇಡ ಎಂದರೆ, ಯಾಕೆ ಬೇಡ ಎಂಬುದನ್ನು ಕೂತು ಕೇಳಿಸಿಕೊಳ್ಳಬೇಕು.